ವೈಫೈ ಪದೇ ಪದೇ ಕೈಕೊಡುತ್ತಿದೆಯೇ? ಪ್ಲ್ಯಾನ್ ಬದಲಿಸುವ ಮುನ್ನ ಹೀಗೆ ಮಾಡಿ

ನವದೆಹಲಿ: ಆನ್‌ಲೈನ್ ಪರೀಕ್ಷೆ ಅಥವಾ ಆಫೀಸ್ ಮೀಟಿಂಗ್ ನಡುವೆಯೇ ವೈಫೈ ಕಡಿತವಾಗುತ್ತಿದೆಯೇ? ದೆಹಲಿ, ನೋಯ್ಡಾ, ಗುರುಗ್ರಾಮದ ಅಪಾರ್ಟ್‌ಮೆಂಟ್‌ಗಳಲ್ಲಿ ಇದಕ್ಕೆ ಇಂಟರ್ನೆಟ್ ಕಂಪನಿಯೇ ಕಾರಣವಾಗಿರಬೇಕಿಲ್ಲ. ಅಕ್ಕಪಕ್ಕದ ಮನೆಗಳ ರೂಟರ್‌ಗಳೂ ಅಡ್ಡಿಯಾಗಬಹುದು.

ದೋಷ ಎಲ್ಲಿದೆ?
ಕಂಪ್ಯೂಟರ್ ಇರುವ ಜಾಗದಲ್ಲೇ ಮೊಬೈಲ್‌ಗೆ ಅದೇ ವೈಫೈ ಸಂಪರ್ಕಿಸಿ. ಮೊಬೈಲ್‌ನಲ್ಲಿ ಸರಿಯಾಗಿ ಬಂದರೆ ದೋಷ ಕಂಪ್ಯೂಟರ್‌ನಲ್ಲಿದೆ. ಎರಡರಲ್ಲೂ ಬಾರದಿದ್ದರೆ ಕಂಪ್ಯೂಟರನ್ನು ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿ. ಕೇಬಲ್‌ನಲ್ಲಿ ಇಂಟರ್ನೆಟ್ ಸರಿಯಿದ್ದರೆ ತೊಂದರೆ ವೈಫೈನದ್ದು. ಆಗಲೂ ಬಾರದಿದ್ದರೆ ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ನಂತರ ಕಂಪನಿಗೆ ದೂರು ನೀಡಿ.

5 ಗಿಗಾಹರ್ಟ್ಜ್‌ಗೆ ಬದಲಿಸಿ
2.4 ಗಿಗಾಹರ್ಟ್ಜ್ ಬ್ಯಾಂಡ್‌ನಲ್ಲಿ ಒಂದಕ್ಕೊಂದು ಅಡ್ಡ ಬಾರದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಹತ್ತಾರು ಮನೆಗಳು ಇವನ್ನೇ ಹಂಚಿಕೊಂಡಾಗ ವೇಗ ಕುಸಿಯುತ್ತದೆ. ಮೈಕ್ರೋವೇವ್ ಓವನ್ ಕೂಡ ಇದೇ ಬ್ಯಾಂಡ್‌ಗೆ ಅಡ್ಡಿಪಡಿಸುತ್ತದೆ. 5 ಗಿಗಾಹರ್ಟ್ಜ್‌ನಲ್ಲಿ ಚಾನೆಲ್‌ಗಳು ಹೆಚ್ಚು. 2018ರಲ್ಲಿ ಕೇಂದ್ರ ಸರ್ಕಾರ ಈ ಬ್ಯಾಂಡ್‌ನ 605 ಮೆಗಾಹರ್ಟ್ಜ್ ತರಂಗಾಂತರವನ್ನು ಲೈಸೆನ್ಸ್‌ನಿಂದ ಮುಕ್ತಗೊಳಿಸಿದೆ. ಆದರೆ ಇದರ ಸಿಗ್ನಲ್ ಗೋಡೆ ದಾಟುವಾಗ ಬೇಗ ಕುಗ್ಗುತ್ತದೆ. ಹೀಗಾಗಿ ರೂಟರನ್ನು ಮನೆಯ ಮಧ್ಯಭಾಗದಲ್ಲಿ, ಎತ್ತರದಲ್ಲಿಡಿ.

ಕಂಪ್ಯೂಟರ್‌ನಲ್ಲಿ ಏನು ಮಾಡಬೇಕು?
* ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಹೆಸರನ್ನು 'ಫರ್ಗೆಟ್' ಮಾಡಿ, ಮತ್ತೆ ಪಾಸ್‌ವರ್ಡ್ ಹಾಕಿ.
* ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಡ್ರೈವರ್ ಅಪ್‌ಡೇಟ್ ಮಾಡಿ.
* ಕೊನೆಯ ಉಪಾಯ 'ನೆಟ್‌ವರ್ಕ್ ರೀಸೆಟ್'. ಇದರಿಂದ ಉಳಿಸಿದ ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ.

ನೆನಪಿಡಿ, ದುಬಾರಿ ಪ್ಲ್ಯಾನ್ ಹಾಕಿಸಿದರೂ ಚಾನೆಲ್‌ಗಳ ದಟ್ಟಣೆ ಕಡಿಮೆಯಾಗದು. ಪರೀಕ್ಷೆ, ಸಂದರ್ಶನದ ದಿನ ಕೇಬಲ್ ಸಂಪರ್ಕವೇ ಸುರಕ್ಷಿತ.