ಕಟ್ ಎಂದದ್ದು ಎಲ್ಲಿಂದ?

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿರುವ ಆ ಗ್ಯಾರೇಜಿಗೆ ಬೋರ್ಡಿಲ್ಲ. ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಸಾಕಿಕೊಂಡವರಿಗೆ ದಾರಿ ಗೊತ್ತು. ಎಪ್ಪತ್ತು ದಾಟಿದ ಮೆಕ್ಯಾನಿಕ್ ಒಬ್ಬರು ಅಲ್ಲಿ ಸದ್ದಿನ ಮೂಲ ಹುಡುಕಿಕೊಡುತ್ತಾರೆ.

ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಸ್‌ನಿಂದ ಹುಟ್ಟಿದ ಹೆಸರು ಎಂಜಿ. ಕಾರ್ಖಾನೆ ಆಬಿಂಗ್ಡನ್‌ಗೆ ಬಂದದ್ದು 1929ರಲ್ಲಿ. 1962ರಲ್ಲಿ ಶುರುವಾದ ಎಂಜಿಬಿ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. 1980ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ನಾನು ಹೋದ ದಿನ ಕೆಂಪು ಕಾರೊಂದು ಬಂದಿತ್ತು. ಹಿಂಬದಿಯಲ್ಲಿ ಕಟ್ ಎಂಬ ಸದ್ದು. ಮಾಲೀಕರು ಆಗಲೇ ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳ ಬುಷ್, ಶಾಕ್ ಅಬ್ಸಾರ್ಬರ್ ಎಲ್ಲ ಬದಲಾಯಿಸಿದ್ದರು. ಸದ್ದು ಮಾತ್ರ ಹೋಗಿರಲಿಲ್ಲ.

ಮೆಕ್ಯಾನಿಕ್ ಯಜಮಾನರು ಜಾಕ್ ಮುಟ್ಟಲಿಲ್ಲ. ಕಾರು ಎತ್ತಿದರೆ ಚಕ್ರ ಜೋತುಬೀಳುತ್ತದೆ. ಭಾರ ಬದಲಾಗಿ, ಸಡಿಲ ಕೀಲು ಕೂಡ ಸುಮ್ಮನಾಗಿಬಿಡಬಹುದು. ಮೊದಲು ಪ್ರಶ್ನೆಗಳು. ಒಂದೇ ಚಕ್ರ ಗುಂಡಿಗಿಳಿದಾಗಲೋ, ಎರಡೂ ಒಟ್ಟಿಗೆ ಹಂಪ್ ಹತ್ತಿದಾಗಲೋ? ಎರಡೂ ಒಟ್ಟಿಗೆ ಎದ್ದರೆ, ಎರಡು ಬದಿಯ ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ತಿರುಚಿಕೊಳ್ಳುವುದಿಲ್ಲ. ಆಗಲೂ ಸದ್ದು ಬಂದರೆ ಅದರ ಮೇಲಿನ ಅನುಮಾನ ಕಡಿಮೆ. ಬ್ರೇಕ್ ಒತ್ತಿದಾಗಲೋ? ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗಲೋ?

ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದರು. ನುಣ್ಣನೆಯ ರಸ್ತೆಯಲ್ಲೂ, ಆಕ್ಸಿಲರೇಟರ್ ಬಿಟ್ಟು ಒತ್ತಿದಾಗಲೆಲ್ಲ ಸದ್ದು ಬಂದಿತ್ತು. ಗುಂಡಿಗೂ ಅದಕ್ಕೂ ಸಂಬಂಧವಿಲ್ಲವೆಂದ ಮೇಲೆ ಅನುಮಾನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್, ಡಿಫರೆನ್ಷಿಯಲ್ ಒಳಗಿನ ವಾಷರ್ ಮತ್ತು ಚಕ್ರಗಳ ಮೇಲೆ. ಈ ಕಾರಿನದು ತಂತಿ ಕಡ್ಡಿಗಳ ಸ್ಪೋಕ್ ಚಕ್ರ. ಹಬ್‌ನ ಹಲ್ಲುಗಳ ಮೇಲೆ ಕೂತು, ನಡುವಿನ ಒಂದೇ ನಟ್ಟಿನಿಂದ ಬಿಗಿಯಾಗುವಂಥದ್ದು.

ಈಗ ಜಾಕ್ ಬಂತು. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಹಿಂದಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದು ಹಿಂದೆ ಮುಂದೆ ತಿರುವಿದರು. ಡ್ರಮ್ ಕದಲಲಿಲ್ಲ. ಚಕ್ರ ಕೂದಲೆಳೆಯಷ್ಟು ಸರಿದು ಕಟ್ ಎಂದಿತು. ಬಿಚ್ಚಿ ತೋರಿಸಿದರು: ತುದಿ ಚಪ್ಪಟೆಯಾಗಿರಬೇಕಿದ್ದ ಹಲ್ಲುಗಳು ಸವೆದು ಗರಗಸದಂತೆ ಚೂಪಾಗಿದ್ದವು. ಸಸ್ಪೆನ್ಷನ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಎಂಜಿಬಿಗೆ ಬಿಡಿಭಾಗಗಳ ಕೊರತೆಯಿಲ್ಲ. 1988ರಿಂದ ಹೊಸ ಬಾಡಿಯೇ ತಯಾರಾಗುತ್ತಿದೆ. ಕೊಳ್ಳುವುದು ಸುಲಭವಾದ್ದರಿಂದಲೇ, ಕೇಳುವ ಮುನ್ನ ಬದಲಾಯಿಸುವ ಅಭ್ಯಾಸ ಬೆಳೆದಿದೆ ಎಂದು ನನಗನ್ನಿಸುತ್ತದೆ. ಕೇಳಿ ಕೇಳಿ ಸದ್ದಿನ ಮೂಲ ಹುಡುಕುವ ಈ ವಿದ್ಯೆಯನ್ನು ಯಾರಾದರೂ ಕೂತು ಕಲಿಯಬೇಕು. ಹಿಂದೆ ಕಲಿಯಲು ಬಂದಿದ್ದ ಹುಡುಗ ಎಲೆಕ್ಟ್ರಿಕ್ ಬಸ್ಸುಗಳ ಡಿಪೋ ಸೇರಿದ. ಯಜಮಾನರು ಅವನನ್ನು ದೂರುವುದಿಲ್ಲ, ಸಂಬಳ ಅಲ್ಲಿ ಚೆನ್ನಾಗಿದೆಯಂತೆ. ಸವೆದ ಹಬ್ಬುಗಳನ್ನು ಅವರು ಈಗಲೂ ಗುಜರಿಗೆ ಹಾಕುತ್ತಿಲ್ಲ. ಕಲಿಯಲು ಇನ್ನೊಬ್ಬರು ಬಂದರೆ ತೋರಿಸಲು ಬೇಕು ಎನ್ನುತ್ತಾರೆ.