ನಿಮ್ಮ ರಕ್ತದ ಗುಂಪಿಗೂ ಮಲೇರಿಯಾಗೂ ಏನು ನಂಟು?

ಡ್ರೈವಿಂಗ್ ಲೈಸೆನ್ಸ್ ಮೇಲೆ, ಆಫೀಸಿನ ಐಡಿ ಕಾರ್ಡಿನ ಹಿಂಬದಿಯಲ್ಲಿ ನಮ್ಮ ರಕ್ತದ ಗುಂಪು ಅಚ್ಚಾಗಿರುತ್ತೆ. ಓ ಪಾಸಿಟಿವ್, ಬಿ ಪಾಸಿಟಿವ್, ಎಬಿ ನೆಗೆಟಿವ್... ಯಾರಿಗಾದರೂ ತುರ್ತಾಗಿ ರಕ್ತ ಬೇಕು ಅಂತ ಮೆಸೇಜ್ ಬಂದಾಗ ಬಿಟ್ಟರೆ ಅದರ ಕಡೆ ನಾವು ನೋಡೋದೇ ಇಲ್ಲ. ಆದರೆ ಅಪ್ಪ-ಅಮ್ಮನಿಂದ ಬಳುವಳಿಯಾಗಿ ಬಂದ ಈ ಗುರುತಿನ ಹಿಂದೆ ಸಾವಿರಾರು ವರ್ಷಗಳ ಹಗೆತನದ ಕಥೆಯೊಂದಿದೆ. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಮಲೇರಿಯಾ.

ಸೊಳ್ಳೆ ಕಚ್ಚಿದಾಗ ಮೈಯೊಳಗೆ ಬರುವ ಮಲೇರಿಯಾ ರೋಗಾಣು ಮೊದಲು ಲಿವರ್‌ನಲ್ಲಿ ಬೆಳೆಯುತ್ತೆ. ಆಮೇಲೆ ಕೆಂಪು ರಕ್ತಕಣಗಳಿಗೆ ನುಗ್ಗುತ್ತೆ. ಚಳಿ, ನಡುಕ, ಜ್ವರ ಎಲ್ಲ ಶುರುವಾಗೋದು ಆಗಲೇ. ಈ ರಕ್ತಕಣದ ಹೊರಮೈ ಎಲ್ಲರಲ್ಲೂ ಒಂದೇ ಥರ ಇರಲ್ಲ. ಆ ವ್ಯತ್ಯಾಸಗಳನ್ನೇ ನಾವು ರಕ್ತದ ಗುಂಪು ಅಂತ ಕರೆಯೋದು. ನಮಗೆ ಗೊತ್ತಿರೋದು ಎ, ಬಿ, ಓ ಮತ್ತು ಆರ್‌ಎಚ್ ಮಾತ್ರ. ವಿಜ್ಞಾನಿಗಳು ಇಂಥ 40ಕ್ಕೂ ಹೆಚ್ಚು ವ್ಯವಸ್ಥೆಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಒಂದರ ಹೆಸರು ಡಫಿ.

ಚಿಲಕ ಹಾಕಿದ ಬಾಗಿಲು

ಡಫಿ ಅನ್ನೋದು ಒಬ್ಬ ರೋಗಿಯ ಹೆಸರು. ಹಿಮೋಫಿಲಿಯಾ ಇದ್ದುದರಿಂದ ಅವರಿಗೆ ಮತ್ತೆ ಮತ್ತೆ ರಕ್ತ ಕೊಡಬೇಕಾಗುತ್ತಿತ್ತು. ಅವರ ರಕ್ತದಲ್ಲಿ ಸಿಕ್ಕ ಸುಳಿವಿನಿಂದ 1950ರಲ್ಲಿ ಈ ಗುಂಪು ಬೆಳಕಿಗೆ ಬಂತು. ಮಲೇರಿಯಾಗೂ ಇದಕ್ಕೂ ಸಂಬಂಧ ಇದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಆದರೆ ಇನ್ನೊಂದು ಒಗಟು ಅದಕ್ಕೂ ಮೊದಲೇ ವೈದ್ಯರನ್ನು ಕಾಡುತ್ತಿತ್ತು. ಪೆನಿಸಿಲಿನ್ ಬರುವ ಮುಂಚೆ, ಸಿಫಿಲಿಸ್ ಮೆದುಳಿಗೆ ಏರಿದ ರೋಗಿಗಳಿಗೆ ಬೇಕಂತಲೇ ಮಲೇರಿಯಾ ಹತ್ತಿಸಿ, ಆ ಜ್ವರದ ಕಾವಿನಿಂದ ಚಿಕಿತ್ಸೆ ಮಾಡುವ ಪದ್ಧತಿ ಇತ್ತು. ಇದನ್ನು ಶುರುಮಾಡಿದ ವಾಗ್ನರ್ ಯಾವ್ರೆಗ್ ಅವರಿಗೆ 1927ರಲ್ಲಿ ನೊಬೆಲ್ ಕೂಡ ಸಿಕ್ಕಿತು. ಅಮೆರಿಕದಲ್ಲಿ ಹೀಗೆ ಚಿಕಿತ್ಸೆ ಮಾಡುವಾಗ ಆಫ್ರಿಕಾ ಮೂಲದ ಬಹಳಷ್ಟು ರೋಗಿಗಳಿಗೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಹತ್ತುತ್ತಲೇ ಇರಲಿಲ್ಲ!

ಉತ್ತರ ಸಿಕ್ಕಿದ್ದು 1970ರ ದಶಕದಲ್ಲಿ. ಅಮೆರಿಕದ ವಿಜ್ಞಾನಿ ಲೂಯಿಸ್ ಮಿಲ್ಲರ್ ಮತ್ತು ಸಂಗಡಿಗರು, ರಕ್ತಕಣದ ಮೇಲೆ ಡಫಿ ಇಲ್ಲದವರನ್ನು ವೈವಾಕ್ಸ್ ಮುಟ್ಟೋದಿಲ್ಲ ಅಂತ 1976ರಲ್ಲಿ ತೋರಿಸಿಕೊಟ್ಟರು. ಡಫಿ ಅನ್ನೋದು ವೈವಾಕ್ಸ್ ಪಾಲಿಗೆ ಬಾಗಿಲು. ಬಾಗಿಲೇ ಇಲ್ಲದ ಮನೆಗೆ ಕಳ್ಳ ನುಗ್ಗೋದು ಹೇಗೆ? ಇಷ್ಟಕ್ಕೆಲ್ಲ ಕಾರಣ ವಂಶವಾಹಿಯಲ್ಲಿ ಆಗಿರುವ ಒಂದೇ ಒಂದು ಅಕ್ಷರದ ಬದಲಾವಣೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಬಹುತೇಕ ಎಲ್ಲರೂ ಡಫಿ ನೆಗೆಟಿವ್. ಆ ಭಾಗದಲ್ಲಿ ವೈವಾಕ್ಸ್ ಅಪರೂಪವಾಗಿರೋದಕ್ಕೆ ಇದೇ ಕಾರಣ.

ಆದರೆ ಕಳ್ಳನೂ ಸುಮ್ಮನೆ ಕೂರೋನಲ್ಲ. ಮಡಗಾಸ್ಕರ್‌ನಲ್ಲಿ ಡಫಿ ನೆಗೆಟಿವ್ ಇರುವವರಿಗೂ ವೈವಾಕ್ಸ್ ಬಂದಿದೆ ಅಂತ 2010ರಲ್ಲಿ ಸಂಶೋಧಕರು ವರದಿ ಮಾಡಿದರು. ಆಮೇಲೆ ಆಫ್ರಿಕಾದ ಬೇರೆ ಕಡೆಗಳಿಂದಲೂ ಅಂಥದ್ದೇ ಸುದ್ದಿ ಬಂತು.

ಓ ಗುಂಪಿನವರಿಗೆ ಏನು ಲಾಭ?

ಮಲೇರಿಯಾದಲ್ಲಿ ಜೀವಕ್ಕೆ ಹೆಚ್ಚು ಅಪಾಯ ತರೋದು ಫಾಲ್ಸಿಪ್ಯಾರಮ್ ಎಂಬ ಬಗೆ. ಅದಕ್ಕೆ ಡಫಿ ಬಾಗಿಲಿನ ಹಂಗಿಲ್ಲ, ಬೇರೆ ದಾರಿಯಲ್ಲಿ ಒಳಗೆ ಹೋಗುತ್ತೆ. ಇಲ್ಲಿ ಕೆಲಸಕ್ಕೆ ಬರೋದು ನಮಗೆ ಗೊತ್ತಿರುವ ಎ, ಬಿ, ಓ.

ಎ ಮತ್ತು ಬಿ ಗುಂಪಿನ ರಕ್ತಕಣಗಳ ಮೈಮೇಲೆ ಒಂದೊಂದು ಬಗೆಯ ಸಕ್ಕರೆಯ ತುಣುಕು ಅಂಟಿಕೊಂಡಿರುತ್ತೆ. ಓ ಗುಂಪಿನಲ್ಲಿ ಆ ತುಣುಕು ಇರಲ್ಲ. ಫಾಲ್ಸಿಪ್ಯಾರಮ್ ಹೊಕ್ಕ ರಕ್ತಕಣ ಈ ಸಕ್ಕರೆಯನ್ನು ಹಿಡಿದುಕೊಂಡು ಸುತ್ತಲಿನ ಒಳ್ಳೆಯ ಕಣಗಳನ್ನೂ ತನಗೆ ಅಂಟಿಸಿಕೊಳ್ಳುತ್ತೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ದಳ ಬಿಚ್ಚಿದ ಹೂವಿನ ಹಾಗೆ ಕಾಣುತ್ತೆ. ನೋಡೋಕೆ ಚೆಂದ. ಆದರೆ ಇಂಥ ಗೊಂಚಲುಗಳು ಮೆದುಳಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಓ ಗುಂಪಿನವರಲ್ಲಿ ಈ ಗೊಂಚಲು ಚಿಕ್ಕದು, ಬೇಗ ಬಿಡಿಸಿಕೊಳ್ಳುತ್ತೆ.

2007ರಲ್ಲಿ ಪ್ರಕಟವಾದ, ಮಾಲಿ ದೇಶದ ಮಕ್ಕಳ ಮೇಲಿನ ಅಧ್ಯಯನದಲ್ಲಿ ಬೇರೆ ಗುಂಪಿನವರಿಗೆ ಹೋಲಿಸಿದರೆ ಓ ಗುಂಪಿನವರಿಗೆ ತೀವ್ರ ಮಲೇರಿಯಾ ಆಗುವ ಸಾಧ್ಯತೆ ಸುಮಾರು ಶೇ. 66ರಷ್ಟು ಕಡಿಮೆ ಕಂಡುಬಂತು. ಇಲ್ಲಿ 'ತೀವ್ರ' ಅನ್ನೋ ಪದ ಮುಖ್ಯ. ಓ ಗುಂಪಿನವರಿಗೂ ಮಲೇರಿಯಾ ಬರುತ್ತೆ, ಜ್ವರವೂ ಕಾಯುತ್ತೆ. ಪ್ರಾಣಕ್ಕೆ ಸಂಚಕಾರ ಬರುವ ಹಂತಕ್ಕೆ ಹೋಗೋದು ಸ್ವಲ್ಪ ಕಡಿಮೆ, ಅಷ್ಟೇ.

ಹಾಗಾದರೆ ಓ ಗುಂಪೇ ಶ್ರೇಷ್ಠವಾ? ಹಾಗೇನಿಲ್ಲ. ಕಾಲರಾ ಬಂದರೆ ಅದೇ ಓ ಗುಂಪಿನವರನ್ನು ಹೆಚ್ಚು ಹೈರಾಣು ಮಾಡುತ್ತೆ. ಒಂದು ರೋಗಕ್ಕೆ ಗುರಾಣಿಯಾದದ್ದು ಇನ್ನೊಂದಕ್ಕೆ ಸಲೀಸು ದಾರಿ. ಎಲ್ಲ ಗುಂಪುಗಳೂ ಇವತ್ತಿಗೂ ಉಳಿದುಕೊಂಡು ಬಂದಿರೋದಕ್ಕೆ ಇಂಥ ಕೊಡು-ಕೊಳ್ಳುವ ಲೆಕ್ಕವೂ ಒಂದು ಕಾರಣ ಇರಬಹುದು ಅನ್ನುತ್ತಾರೆ ವಿಜ್ಞಾನಿಗಳು.

ನಮ್ಮ ಕಡೆ ಹೇಗೆ?

ಭಾರತದಲ್ಲಿ ಡಫಿ ನೆಗೆಟಿವ್ ತೀರಾ ಅಪರೂಪ. ಅಂದರೆ ವೈವಾಕ್ಸ್‌ಗೆ ನಮ್ಮಲ್ಲಿ ಬಹುತೇಕ ಎಲ್ಲರ ಮನೆ ಬಾಗಿಲೂ ತೆರೆದೇ ಇದೆ. ನೀವು ಓ ಇರಲಿ, ಬಿ ಇರಲಿ, ಎಬಿ ಇರಲಿ, ಅದರಲ್ಲಿ ವ್ಯತ್ಯಾಸ ಇಲ್ಲ. ಮಲೇರಿಯಾ ಕಾಟಕ್ಕೆ ವರ್ಷಗಟ್ಟಲೆ ಹೆಸರಾಗಿದ್ದ ಮಂಗಳೂರಿನಲ್ಲಿ ಹೆಚ್ಚಾಗಿ ಕಂಡದ್ದೂ ವೈವಾಕ್ಸೇ. ನಗರಗಳಲ್ಲಿ ಇದನ್ನು ಹರಡುವ ಸೊಳ್ಳೆ ಕೊಳಚೆಗಿಂತ ಓವರ್‌ಹೆಡ್ ಟ್ಯಾಂಕ್, ಬಾವಿ, ಕಟ್ಟಡ ಕೆಲಸಕ್ಕೆ ನಿಲ್ಲಿಸಿದ ನೀರಿನಂಥ ಜಾಗಗಳಲ್ಲೇ ಮೊಟ್ಟೆ ಇಡುತ್ತೆ.

ವೈವಾಕ್ಸ್‌ಗೆ ಇನ್ನೊಂದು ಕೆಟ್ಟ ಚಾಳಿ ಇದೆ. ರಕ್ತದಿಂದ ಹೋದರೂ ಲಿವರ್‌ನಲ್ಲಿ ಅಡಗಿ ಮಲಗಿರುತ್ತೆ. ವಾರಗಳೋ ತಿಂಗಳುಗಳೋ ಆದ ಮೇಲೆ ಎದ್ದು ಮತ್ತೆ ಜ್ವರ ತರುತ್ತೆ. ಅದನ್ನು ಬೇರುಸಹಿತ ಕೀಳೋಕೆ ನಮ್ಮಲ್ಲಿ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುತ್ತಾರೆ. ಮೂರನೇ ದಿನಕ್ಕೆ ಜ್ವರ ಬಿಟ್ಟಿತು ಅಂತ ಲ್ಯಾಪ್‌ಟಾಪ್ ತೆರೆದು ಕೂತು, ಮಾತ್ರೆ ಮರೆಯುವವರೇ ಹೆಚ್ಚು. ಜ್ವರ ಮರುಕಳಿಸೋಕೆ ಅಷ್ಟು ಸಾಕು.

ಇಲ್ಲೇ ಇನ್ನೊಂದು ಬಳುವಳಿಯ ಮಾತು ಬರುತ್ತೆ. ಕೆಲವರ ರಕ್ತಕಣದಲ್ಲಿ ಜಿ-6-ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತೆ. ಇದು ಗಂಡಸರಲ್ಲಿ ಹೆಚ್ಚು. ಇದೂ ಕೂಡ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಕೊಟ್ಟದ್ದರಿಂದಲೇ ತಲೆಮಾರುಗಳ ಕಾಲ ಉಳಿದು ಬಂತು ಅನ್ನುತ್ತಾರೆ. ಆದರೆ ಇಂಥವರು ಪ್ರೈಮಾಕ್ವಿನ್ ನುಂಗಿದರೆ ರಕ್ತಕಣಗಳು ಒಡೆದುಹೋಗಬಹುದು. ರಕ್ಷಣೆ ಕೊಟ್ಟ ಗುಣವೇ ಔಷಧಿ ವಿಷಯದಲ್ಲಿ ತೊಡಕಾಗೋದು ಹೀಗೆ.

ಜ್ವರ ಬಂದಾಗ ನೆನಪಿಡಿ

* ಚಳಿಜ್ವರ ಬಂದರೆ ರಕ್ತದ ಗುಂಪು ನೋಡಿ ಧೈರ್ಯ ತಂದುಕೊಳ್ಳಬೇಡಿ. ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ.
* ವೈವಾಕ್ಸಾ, ಫಾಲ್ಸಿಪ್ಯಾರಮ್ಮಾ ಅಂತ ಕೇಳಿ ತಿಳಿದುಕೊಳ್ಳಿ. ಎರಡಕ್ಕೂ ಚಿಕಿತ್ಸೆ ಬೇರೆ.
* ಪ್ರೈಮಾಕ್ವಿನ್ ಶುರುಮಾಡುವ ಮುಂಚೆ ಜಿ-6-ಪಿಡಿ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಮಾತ್ರೆ ತಗೊಳ್ಳುವಾಗ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ತಕ್ಷಣ ತಿಳಿಸಿ. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವಂತಿಲ್ಲ.
* ಆಫ್ರಿಕಾದ ದೇಶಗಳಿಗೆ ಪ್ರಾಜೆಕ್ಟ್ ಕೆಲಸಕ್ಕೆ ಹೋಗಿ ಬಂದಿದ್ದರೆ, ಜ್ವರ ಬಂದ ಕೂಡಲೇ ಆ ವಿಷಯ ಡಾಕ್ಟರಿಗೆ ಹೇಳಿ. ಅಲ್ಲಿ ಫಾಲ್ಸಿಪ್ಯಾರಮ್ ಹಾವಳಿ ಜಾಸ್ತಿ, ಅದು ಕೆಡೋಕೆ ಹೆಚ್ಚು ದಿನ ಬೇಡ.
* ವಾರಕ್ಕೊಮ್ಮೆ ಟ್ಯಾಂಕ್ ಮುಚ್ಚಳ ಸರಿ ಇದೆಯಾ ನೋಡಿ. ರಾತ್ರಿ ಸೊಳ್ಳೆಪರದೆ ಕಟ್ಟೋಕೆ ಬೇಸರ ಬೇಡ.

ನಮ್ಮ ಪೂರ್ವಿಕರು ಔಷಧಿಯಿಲ್ಲದ ಕಾಲದಲ್ಲಿ ಸತ್ತು ಬದುಕಿ, ಉಳಿದದ್ದನ್ನು ರಕ್ತದಲ್ಲಿ ನಮಗೆ ದಾಟಿಸಿದ್ದಾರೆ. ಅದಕ್ಕೆ ಸಾವಿರಾರು ವರ್ಷ ಹಿಡಿಯಿತು. ನಮಗೆ ಬೇಕಾಗಿರೋದು ಒಂದು ಹನಿ ರಕ್ತದ ಪರೀಕ್ಷೆ ಮತ್ತು 14 ದಿನದ ಶಿಸ್ತು ಮಾತ್ರ.