ಹುಳದ ತೂಬು, ತಮ್ಮನ ತೂಬು

ಕಳೆದ ಮುಂಗಾರಿನಲ್ಲಿ ನಮ್ಮ ಗೋವಿನಜೋಳಕ್ಕೆ ಸೈನಿಕ ಹುಳು ಬಿತ್ತು. ಸುಳಿಯೊಳಗೆ ಕೂತು ಎಲೆಯನ್ನೆಲ್ಲ ಜರಡಿ ಮಾಡುವ ಈ ಹುಳು ನಮ್ಮ ದೇಶಕ್ಕೆ ಹೊಸದು. 2018ರಲ್ಲಿ ಮೊದಲು ಕಂಡದ್ದೇ ನಮ್ಮ ರಾಜ್ಯದಲ್ಲಿ. ಅಪ್ಪ ಗೊಬ್ಬರದಂಗಡಿಯಿಂದ ಒಂದು ಸಣ್ಣ ಬಾಟಲಿ ತಂದ. ರಜೆಗೆಂದು ಹುಬ್ಬಳ್ಳಿಯಿಂದ ಹಾವೇರಿ ಸೀಮೆಯ ನಮ್ಮೂರಿಗೆ ಬಂದಿದ್ದ ನನ್ನ ಕೈಗೆ ಅದನ್ನು ಕೊಟ್ಟು, ‘ಫಾರ್ಮಸಿ ಓದಾಕತ್ತಿಯಲ್ಲ, ಪಂಪಿಗೆ ಎಷ್ಟು ಹಾಕಬೇಕಂತ ಬರದಾರ ನೋಡು’ ಎಂದ.

ಬಾಟಲಿಯ ಮೇಲೆ ಕ್ಲೋರಾಂಟ್ರನಿಲಿಪ್ರೋಲ್ 18.5% ಎಂದಿತ್ತು. ಅಳತೆ ಹೇಳಿದೆ. ಇದು ಹುಳವನ್ನು ಹೇಗೆ ಕೊಲ್ಲುತ್ತದೆ ಎಂಬ ಕುತೂಹಲಕ್ಕೆ ಮೊಬೈಲಿನಲ್ಲಿ ಹುಡುಕಿದರೆ, ‘ರಯನೋಡಿನ್ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತದೆ’ ಎಂದಿತ್ತು. ಓದಿದವಳೇ ಬದುವಿನ ಮೇಲೆ ಕೂತುಬಿಟ್ಟೆ. ಆ ಹೆಸರು ಆಗಲೇ ನನ್ನ ನೋಟ್‌ಬುಕ್ಕಿನಲ್ಲಿತ್ತು. ಕ್ಲಾಸಿನ ನೋಟ್ಸಿನಲ್ಲಲ್ಲ, ತಮ್ಮನ ಕಾಯಿಲೆಗೆಂದು ಇಟ್ಟ ಬೇರೆ ನೋಟ್‌ಬುಕ್ಕಿನಲ್ಲಿ.

ತಮ್ಮನಿಗೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಈಗ 13 ವರ್ಷ. ಚಿಕ್ಕವನಿದ್ದಾಗ ನೆಲದಿಂದ ಏಳಬೇಕಾದರೆ ಮೊಣಕಾಲಿನ ಮೇಲೆ, ಆಮೇಲೆ ತೊಡೆಯ ಮೇಲೆ ಕೈಯೂರಿ, ತನ್ನ ಮೈಯನ್ನೇ ತಾನು ಹತ್ತಿದಂತೆ ಏಳುತ್ತಿದ್ದ. ಮೀನಖಂಡ ಮಾತ್ರ ಪೈಲ್ವಾನನಷ್ಟು ದಪ್ಪ. ‘ಮುಂದ ಕುಸ್ತಿ ಆಡತಾನ ಬಿಡ್ರಿ’ ಎಂದು ಓಣಿಯವರು ನಗುತ್ತಿದ್ದರು. ಡಾಕ್ಟರೊಬ್ಬರು ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಎರಡು ವರ್ಷ ಹಾಗೇ ಹೋಯಿತು. ಆಮೇಲೆ ರಕ್ತ ಪರೀಕ್ಷೆ, ಜೀನ್ ಪರೀಕ್ಷೆ. 11ನೇ ವಯಸ್ಸಿಗೆ ನಡಿಗೆ ನಿಂತಿತು. ಈ ಜೀನ್ ಎಷ್ಟೋ ಸಲ ತಾಯಿಯಿಂದ ಬರುತ್ತದೆ, ಕಾಯಿಲೆ ಗಂಡುಮಕ್ಕಳಲ್ಲಿ ಕಾಣಿಸುತ್ತದೆ ಎಂದು ತಿಳಿದ ದಿನದಿಂದ ಅವ್ವ ಅದರ ಬಗ್ಗೆ ಮಾತೇ ಆಡಿಲ್ಲ. ನನ್ನಲ್ಲೂ ಇರಬಹುದು. ನಾನಿನ್ನೂ ಪರೀಕ್ಷೆ ಮಾಡಿಸಿಲ್ಲ.

ಹುಳಕ್ಕೂ ತಮ್ಮನಿಗೂ ಏನು ಸಂಬಂಧ? ನಮ್ಮ ಕೆರೆಯನ್ನೇ ನೆನಪಿಸಿಕೊಳ್ಳಿ. ಪ್ರತಿ ಸ್ನಾಯುಕೋಶದೊಳಗೂ ಅಂಥ ಒಂದು ಕೆರೆ ಇದೆ, ನೀರಿನ ಬದಲು ಕ್ಯಾಲ್ಸಿಯಂ ತುಂಬಿರುತ್ತದೆ. ಆ ಕೆರೆಯ ತೂಬೇ ರಯನೋಡಿನ್ ರಿಸೆಪ್ಟರ್ ಎಂಬ ಕ್ಯಾಲ್ಸಿಯಂ ಚಾನೆಲ್. ನರದಿಂದ ಸಂದೇಶ ಬಂದೊಡನೆ ತೂಬು ತೆರೆಯುತ್ತದೆ, ಕ್ಯಾಲ್ಸಿಯಂ ಹೊರಬರುತ್ತದೆ, ಸ್ನಾಯು ಬಿಗಿಯಾಗುತ್ತದೆ. ತೂಬು ಮುಚ್ಚುತ್ತದೆ, ಒಂದು ಪಂಪು ಕ್ಯಾಲ್ಸಿಯಂ ಅನ್ನು ಮತ್ತೆ ಕೆರೆಗೆ ಎತ್ತಿ ಹಾಕುತ್ತದೆ, ಸ್ನಾಯು ಸಡಿಲವಾಗುತ್ತದೆ. ಹೃದಯವೂ ಸ್ನಾಯುವೇ. ಅಲ್ಲಿ ಈ ತೂಬು ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚಬೇಕು.

ಹೃದಯಕ್ಕೆ ಕ್ಯಾಲ್ಸಿಯಂ ಬೇಕೆಂದು ಗೊತ್ತಾದದ್ದೂ ಒಂದು ಎಡವಟ್ಟಿನಿಂದ. 1882–83ರ ಹೊತ್ತಿಗೆ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯುವಂತೆ ಮಾಡಿದ್ದರು. ಭಟ್ಟಿ ಇಳಿಸಿದ ನೀರೆಂದು ಅವರು ನಂಬಿದ್ದದ್ದು ನಲ್ಲಿ ನೀರಾಗಿತ್ತು. ನಿಜವಾದ ಭಟ್ಟಿ ನೀರು ಬಳಸಿದಾಗ ಹೃದಯ ನಿಂತಿತು. ವ್ಯತ್ಯಾಸ ಹುಡುಕುತ್ತ ಹೋದರೆ ಸಿಕ್ಕಿದ್ದು ನಲ್ಲಿ ನೀರಿನ ಕ್ಯಾಲ್ಸಿಯಂ. ನಮ್ಮ ಆಸ್ಪತ್ರೆಗಳಲ್ಲಿ ಏರಿಸುವ ‘ಆರ್‌ಎಲ್’ ಬಾಟಲಿಯ ‘ಆರ್’ ಇದೇ ರಿಂಗರ್.

ರಯನೋಡಿನ್ ಎನ್ನುವುದು ಅಮೆರಿಕ ಖಂಡದ ಉಷ್ಣವಲಯದ ಒಂದು ಗಿಡದ ವಿಷ, ಹಿಂದೆ ಅದನ್ನೇ ಕೀಟನಾಶಕವಾಗಿ ಬಳಸುತ್ತಿದ್ದರು. ಆ ವಿಷ ಹೋಗಿ ಅಂಟಿಕೊಳ್ಳುವ ಜಾಗವಾದ್ದರಿಂದ ತೂಬಿಗೆ ಆ ಹೆಸರು. ಅಪ್ಪ ತಂದ ಎಣ್ಣೆ ಬೇರೆ ರಾಸಾಯನಿಕ, ಆದರೆ ಹಿಡಿಯುವುದು ಅದೇ ತೂಬನ್ನು. ಹುಳದ ತೂಬು ತೆರೆದೇ ಉಳಿಯುತ್ತದೆ, ಕೆರೆ ಬರಿದಾಗುತ್ತದೆ, ಹುಳ ಮೊದಲು ತಿನ್ನುವುದನ್ನು ಬಿಡುತ್ತದೆ, ಆಮೇಲೆ ಅಲುಗಾಡುವುದನ್ನು. ಸಸ್ತನಿಗಳ ತೂಬಿನ ಮೇಲೆ ಇದರ ಪ್ರಭಾವ ನೂರಾರು ಪಟ್ಟು ಕಡಿಮೆ. (ಹಾಗಂತ ಮುಖಕ್ಕೆ ಬಟ್ಟೆ ಕಟ್ಟದೆ ಹೊಡೆಯುವ ಅಪ್ಪನ ಜೊತೆ ನನ್ನ ಜಗಳ ನಿಂತಿಲ್ಲ.)

ಮನುಷ್ಯನ ತೂಬು ಸೋರಿದರೆ ಏನಾಗುತ್ತದೆ ಎಂಬುದರ ಹಿಂದೆ ದಶಕಗಳಿಂದ ಬಿದ್ದವರು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಮಾರ್ಕ್ಸ್. ಮೂಲತಃ ಹೃದ್ರೋಗ ವೈದ್ಯರು. 2000ದಲ್ಲಿ ಅವರ ತಂಡ ಹೃದಯ ವೈಫಲ್ಯದ ಬಗ್ಗೆ ಒಂದು ವಿವರಣೆ ಮುಂದಿಟ್ಟಿತು. ಹೃದಯ ಸೋತಾಗ ದೇಹ ಅಡ್ರಿನಾಲಿನ್ ಸುರಿಸುತ್ತಲೇ ಇರುತ್ತದೆ, ದಣಿದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಆ ಏಟಿಗೆ ತೂಬನ್ನು ಬಿಗಿಯಾಗಿ ಹಿಡಿದಿಡುವ ಪುಟ್ಟ ಪ್ರೊಟೀನೊಂದು ಕಳಚಿಕೊಳ್ಳುತ್ತದೆ. ತೂಬು ಮುಚ್ಚಿದ್ದರೂ ಕ್ಯಾಲ್ಸಿಯಂ ಜಿನುಗುತ್ತದೆ. ಬಡಿತದ ಬಲ ಕುಗ್ಗುತ್ತದೆ, ತಾಳ ತಪ್ಪುತ್ತದೆ.

ಎಲ್ಲರೂ ಒಪ್ಪಿದರೆಂದು ಹೇಳಲಾರೆ. ಬೇರೆ ಪ್ರಯೋಗಾಲಯಗಳು ಅದೇ ಪ್ರಯೋಗ ಮಾಡಿ ಅದೇ ಫಲಿತಾಂಶ ಸಿಗಲಿಲ್ಲವೆಂದು ಬರೆದವು. ಜಗಳ ವರ್ಷಗಟ್ಟಲೆ ನಡೆಯಿತು. ಸೋರಿಕೆ ಇದೆ ಎನ್ನುವುದರಲ್ಲಿ ಹೆಚ್ಚು ತಕರಾರಿಲ್ಲ, ಅದು ಯಾಕೆ ಆಗುತ್ತದೆ ಎನ್ನುವುದರಲ್ಲಿ ಇದೆ. ತೂಬು ಬಿಗಿಮಾಡುವ ಔಷಧಕ್ಕೆಂದು ಹುಟ್ಟಿದ ಕಂಪನಿಯ ಸ್ಥಾಪಕರಲ್ಲಿ ಮಾರ್ಕ್ಸ್ ಕೂಡ ಒಬ್ಬರು. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದೇನೆ, ಆಸೆ ಜಾಸ್ತಿಯಾದಾಗ ಓದಿಕೊಳ್ಳಲು.

ನನ್ನ ಕಣ್ಣು ಹೋಗಿ ನಿಂತದ್ದು 2009ರ ಪ್ರಬಂಧದ ಮೇಲೆ. ಡುಷೆನ್ ಇರುವ ಇಲಿಗಳ ಸ್ನಾಯುಗಳಲ್ಲೂ ತೂಬು ಸೋರುತ್ತದೆ ಎಂದು ಮಾರ್ಕ್ಸ್ ತಂಡ ತೋರಿಸಿತು. ಎಸ್107 ಎಂಬ ಔಷಧ ಕೊಟ್ಟಾಗ ಸೋರಿಕೆ ತಗ್ಗಿತು, ಸ್ನಾಯುವಿನ ಹಾನಿ ಕಡಿಮೆಯಾಯಿತು, ಇಲಿಗಳು ಚಕ್ರದ ಮೇಲೆ ಹೆಚ್ಚು ಓಡಿದವು. ಮರುವರ್ಷ ಅಂಥ ಇಲಿಗಳ ಹೃದಯದಲ್ಲೂ ಇದೇ ಸೋರಿಕೆ ತಾಳ ತಪ್ಪಿಸುತ್ತದೆ ಎಂಬ ವರದಿ ಬಂತು. ನಮಗೆ ಕಾಲಿಗಿಂತ ಹೃದಯದ ಚಿಂತೆ ಹೆಚ್ಚು. ಡುಷೆನ್ ಮಕ್ಕಳಲ್ಲಿ ಕೊನೆಗೆ ಹೃದಯವೂ ಸೋಲುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ತಮ್ಮನನ್ನು ಎಕೋ ಮಾಡಿಸಲು ಕರೆದೊಯ್ಯುತ್ತೇವೆ.

ಆದರೆ ತೂಬು ಬಿಗಿಮಾಡಿದರೆ ಡುಷೆನ್ ಹೋಗುವುದಿಲ್ಲ. ಮೂಲದಲ್ಲಿ ಕೆಟ್ಟಿರುವುದು ತೂಬಲ್ಲ. ಸ್ನಾಯುಕೋಶದ ಹೊರಪದರಕ್ಕೆ ಆಸರೆಯಾಗುವ ಡಿಸ್ಟ್ರೋಫಿನ್ ಎಂಬ ಪ್ರೊಟೀನೇ ಇವನಲ್ಲಿ ತಯಾರಾಗುವುದಿಲ್ಲ. ಏರಿ ಕುಸಿದ ಕೆರೆಗೆ ತೂಬು ರಿಪೇರಿ ಮಾಡಿದರೆ ಒಂದಿಷ್ಟು ನೀರು ಉಳಿದೀತು, ಅಷ್ಟೇ. ಈ ಬಗೆಯ ಇನ್ನೊಂದು ಔಷಧವನ್ನು ಅಮೆರಿಕದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆ. ಅದು ತೂಬಿನ ಜೀನ್‌ನಲ್ಲೇ ದೋಷವಿರುವ ಬೇರೊಂದು ಸ್ನಾಯುಕಾಯಿಲೆಯ ಕೆಲವೇ ರೋಗಿಗಳ ಮೇಲೆ, ಸುಮಾರು ಒಂದು ತಿಂಗಳ ಕಾಲ. ಮುಖ್ಯವಾಗಿ ಔಷಧ ಸುರಕ್ಷಿತವೇ ಎಂದು ನೋಡಲು.

ಅಪ್ಪ ಎಣ್ಣೆ ಹೊಡೆದು ಬಂದ ಸಂಜೆ ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನಿಗೆ ಸುಳ್ಳು ಹೇಳಿದರೆ ಗೊತ್ತಾಗುತ್ತದೆ. ಗಾಲಿಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದ.

‘ಅಕ್ಕಾ, ಹುಳದ ತೂಬು ತೆಗಿಯೋ ಎಣ್ಣಿ ಅಂಗಡ್ಯಾಗ ಸಿಗತೈತಿ. ನನ್ನ ತೂಬು ಮುಚ್ಚೋ ಗುಳಿಗಿ ಇನ್ನೂ ಬಂದಿಲ್ಲೇನು?’

‘ಇಲ್ಲೋ’ ಎಂದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವ್ವ ಕೇಳಿಸಿಕೊಳ್ಳುತ್ತಿದ್ದಳು.

ಹುಳ ಕೊಲ್ಲುವುದು ಸುಲಭ, ತೂಬು ತೆರೆದಿಟ್ಟರೆ ಸಾಕು. ಮನುಷ್ಯನದಾದರೆ ಅದು ತೆರೆಯಲೂಬೇಕು, ಮುಚ್ಚಲೂಬೇಕು, ದಿನಕ್ಕೆ ಲಕ್ಷ ಸಲ, ಅದಕ್ಕೇ ತಡ ಎಂದು ವಿವರಿಸಿದೆ. ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಬಿಟ್ಟು, ‘ಆ ಇಲಿ ಎಷ್ಟು ದೂರ ಓಡ್ತು?’ ಎಂದು ಕೇಳಿದ.

‘ಔಷಧ ಕೊಡದ ಇಲಿಗಿಂತ ಜಾಸ್ತಿ.’

‘ಚಕ್ರದಾಗನ? ಹಂಗಾರ ಎಲ್ಲಿಗೂ ಹೋಗಿಲ್ಲ ಬಿಡು’ ಎಂದು ನಕ್ಕ. ಒಳಗೆ ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಮುಂದಿನ ತಿಂಗಳು ಅವನ ಎಕೋ ಇದೆ. ಅದೇ ದಿನ ನನ್ನ ರಕ್ತವನ್ನೂ ಪರೀಕ್ಷೆಗೆ ಕೊಡುತ್ತೇನೆಂದು ಅವ್ವನಿಗೆ ಹೇಳಿದ್ದೇನೆ.